ಮಾಟ್ಟುಪೊಂಗಲ್ ದಿನ ಹುಟ್ಟಿದ ಹೆಣ್ಣುಗರು

೧೯೭೧ರಲ್ಲಿ ನಾನು ಓದು ನಿಲ್ಲಿಸಿದೆ. ಆಗ ಆರನೇ ತರಗತಿ. ಅಪ್ಪನ ಎತ್ತಿನ ಜೋಡಿಗೆ ಒಬ್ಬ ಆಳು ಬೇಕಿತ್ತು, ಅಷ್ಟೆ. ಅದಕ್ಕೆ ಯಾರನ್ನೂ ದೂರಿದವನಲ್ಲ ನಾನು. ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ನಮಗೆ ಮನೆಯೊಳಗಿನ ಮಾತು. ಅದರ ಅಕ್ಷರಗಳನ್ನು ಆಮೇಲೆ, ದ್ರಾಕ್ಷಿ ಲಾರಿಯ ಜೊತೆ ಮೈಸೂರಿನ ಕಡೆ ಹೋಗಿ ಬರುವಾಗ ಅಂಗಡಿ ಹಲಗೆಗಳನ್ನು ನೋಡಿ ನೋಡಿ ಕಲಿತೆ. ತೇನಿ ಜಿಲ್ಲೆಯ ಗೂಡಲೂರಿನ ಈಚೆ ಇರುವ ನಮ್ಮ ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳನ್ನು ನಿಲ್ಲಿಸಿದ್ದು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನನ್ನ ಹೆಂಡತಿ ಬೋಡಿ ಕಡೆಯವಳು. ಮದುವೆಯಾಗಿ ಬರುವಾಗ ತವರಿನಿಂದ ಒಂದು ಹಸು ಹಿಡಿದು ತಂದಳು. ಅದರ ಮಗಳು, ಮಗಳ ಮಗಳು, ಹೀಗೆ ನಮ್ಮ ಕೊಟ್ಟಿಗೆ ಬರಿದಾದದ್ದೇ ಇರಲಿಲ್ಲ. ಇಬ್ಬರು ಗಂಡುಮಕ್ಕಳು ಆ ಹಾಲಿನಲ್ಲೇ ಬೆಳೆದರು. ಅವರು ಒಬ್ಬ ತೇನಿಯಲ್ಲಿ, ಒಬ್ಬ ದಿಂಡಿಗಲ್ಲಿನಲ್ಲಿ ಅಂಗಡಿ ಹಾಕಿದ ಮೇಲೂ ಇವಳು ಬಸ್ಸಿನ ಕಂಡಕ್ಟರ್ ಕೈಯಲ್ಲಿ ತುಪ್ಪದ ಡಬ್ಬಿ ಕಳಿಸುತ್ತಿದ್ದಳು. ಮೈ ಸುಡುವ ಜ್ವರವಿದ್ದರೂ ಸಗಣಿ ಬಾಚಿಯೇ ಮಲಗುವವಳು. ನಾನು ತೋಟಕ್ಕೆ ಔಷಧಿ ಹೊಡೆದು ಬಂದರೆ ಕೇಳುವ ಮೊದಲೇ ಬಿಸಿನೀರು.

ಕಂಬಂನಲ್ಲಿ ನಮ್ಮ ಜನಕ್ಕೆ ಒಂದು ದೇವರ ಹಿಂಡು ಇದೆ. ಅದರ ದೊಡ್ಡಿಗೆ ತೊಳು ಅನ್ನುತ್ತೇವೆ. ಅಲ್ಲಿಯ ದನವನ್ನು ಯಾರೂ ಮಾರುವಂತಿಲ್ಲ, ಉಳುವಂತಿಲ್ಲ. ಸತ್ತರೆ ಮನುಷ್ಯರ ಹಾಗೆ ಮಣ್ಣು ಮಾಡುತ್ತಾರೆ. ದನಗಳ ಹಬ್ಬವಾದ ಮಾಟ್ಟುಪೊಂಗಲ್ ದಿನ ಯಾರ ಮನೆಯಲ್ಲಿ ಕರು ಹುಟ್ಟಿದರೂ ಅದು ಆ ಹಿಂಡಿನದು.

ನನ್ನ ಹೆಂಡತಿಗೆ ಉಸಿರು ಸಿಕ್ಕಿಕೊಳ್ಳತೊಡಗಿದ ವರ್ಷ, ಮುದಿ ಹಸು ಮತ್ತೆ ಗಬ್ಬವಾಯಿತು. ಇದೇ ಕೊನೆಯದು, ಹೆಣ್ಣಾಗಲಿ ಎಂದು ಕಾಯುತ್ತಿದ್ದಳು. ಹೆಣ್ಣೇ ಆಯಿತು. ಆದರೆ ಮಾಟ್ಟುಪೊಂಗಲ್ ದಿನ ಬೆಳಗಾಗುವ ಹೊತ್ತಿಗೆ. ಹಬ್ಬಕ್ಕೆ ಬಂದಿದ್ದ ಮಕ್ಕಳೆಲ್ಲ ಕೊಟ್ಟಿಗೆಗೆ ಓಡಿದರು.

“ಅವ್ವಾ, ಒತ್ತು ಉಟ್ಟೋಕ್ ಮುಂದೇನೆ ಈದಿದ್ರೆ ನಿನ್ನೆ ಲೆಕ್ಕ. ಕೊಡಬೇಕಿಲ್ಲ,” ಅಂದ ದೊಡ್ಡ ಮಗ.

“ಒತ್ತು ಉಟ್ಟಿತ್ತು. ನಾ ಕಂಡೆ.”

“ಕೊಟ್ಟಿಗೇಲಿ ಕೂತ್ಕಂಡು ಎಂಗೆ ಕಂಡೆ? ಗೋಡೆಗೆ ಕಣ್ಣೈತಾ?” ಅಂದೆ ನಾನು.

“ನಿಂಗೇನ್ ಗೊತ್ತು? ನೀ ಬಾಯ್ ಬಿಟ್ಕಂಡು ಮಲಗಿದ್ದೆ!”

ಎಲ್ಲರೂ ನಕ್ಕರು. ಮೊಮ್ಮಗಳು ಕರುವಿನ ಕತ್ತು ತಬ್ಬಿ, ಇದು ನನಗೇ ಬೇಕು ಎಂದು ತಮಿಳಿನಲ್ಲಿ ಹಟ ಹಿಡಿದಳು. “ಪಾಟ್ಟಿ, ಎನಕ್ಕು ವೇಣುಂ!”

“ನಮ್ ಮಾತಲ್ಲಿ ಕೇಳು ತಾಯಿ. ಆಗ್ಲೂ ಕೊಡಲ್ಲ.”

ಹಬ್ಬ ಮುಗಿದು ಎಲ್ಲರೂ ಹೋದರು. ಅವಳು ಕರುವಿನ ಮೈ ಉಜ್ಜುತ್ತಿದ್ದಾಗ ಹತ್ತಿರ ಹೋಗಿ ಕೇಳಿದೆ. “ನಿಜ ಯೋಳು. ಒತ್ತು ಉಟ್ಟಿತ್ತಾ?”

“ಇಲ್ಲ. ಕತ್ತಲೇನೆ ಇತ್ತು.”

“ಮತ್ಯಾಕೆ ಕೊಡ್ತೀಯಾ? ನಿಮ್ಮಪ್ಪನ ಮನೆ ಹಸೂನ ವಂಶ ಇದಕ್ಕೇ ಮುಗೀತದೆ.”

“ನಾ ಓದ್ಮ್ಯಾಲೆ ಇದ್ನ ಯಾರು ನೋಡ್ತಾರೆ?”

“ನಾನಿಲ್ವಾ?”

“ನಿನ್ ಮಂಡಿಗೆ ಎಣ್ಣೆ ಉಜ್ಜೋಳೇ ನಾನು. ನೀ ನೋಡ್ತೀಯಾ?” ಅಂದಳು. “ಮಕ್ಳು ಕೆಟ್ಟೋರಲ್ಲ. ಆದ್ರೆ ಯಾಪಾರದೋರು. ಲಾರಿಗೆ ಏರಿಸಿಬಿಡ್ತಾರೆ. ತೊಳುವಿಗೆ ಓದ್ರೆ ಯಾರೂ ಮಾರಂಗಿಲ್ಲ.”

“ಸಾಮಿಗೇ ಸುಳ್ಳು ಯೋಳ್ತೀಯಾ?”

“ಕೊಡಕ್ಕೆ ತಾನೆ ಯೋಳ್ದೆ. ಕಿತ್ಕಳಕ್ಕಲ್ಲ.”

ನನಗೆ ಕೋಪ ಬಂತು. ಇಷ್ಟು ವರ್ಷ ದುಡಿದವನನ್ನು ಒಂದು ಕರುವಿಗೆ ಆಗದವನು ಅಂದಳಲ್ಲ. ಎರಡು ದಿನ ಮುಖ ತಿರುಗಿಸಿಕೊಂಡೇ ಓಡಾಡಿದೆ. ಅವಳು ಎಂದಿನಂತೆ ಮಂಡಿಗೆ ಎಣ್ಣೆ ಉಜ್ಜಿದಳು.

ಕರು ಹಾಲು ಬಿಟ್ಟ ಮೇಲೆ ಅವಳೇ ಹಗ್ಗ ಹಿಡಿದು ಕಂಬಂಗೆ ನಡೆದಳು. ವ್ಯಾನು ತರುತ್ತೇನೆ ಅಂದರೆ ಬೇಡವೆಂದಳು. ಹುಣಸೆ ಮರದ ನೆರಳು ಸಿಕ್ಕಲ್ಲೆಲ್ಲ ಕೂತು ಉಸಿರು ಎಳೆದುಕೊಂಡಳು. ನಾನು ಹುಲ್ಲಿನ ಕಟ್ಟು ಹೊತ್ತು ಹಿಂದೆ ಹೋದೆ. ತೊಳುವಿನಲ್ಲಿ ಹಗ್ಗ ಬಿಚ್ಚಿದಳು. ಕರು ಹಿಂಡಿನೊಳಗೆ ಹೋಯಿತು. ಅವಳು ಅಳಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಬಸ್ಸಿಗೆ ಹೋಗೋಣ ಅಂದಳು.

ಆ ದೀಪಾವಳಿಗೆ ಮುಂಚೆಯೇ ಅವಳು ತೀರಿಕೊಂಡಳು.

ಮುದಿ ಹಸುವನ್ನು ನಾನೇ ನೋಡಿಕೊಂಡೆ. ಹುಲ್ಲು ತಂದೆ, ಸಗಣಿ ಬಾಚಿದೆ. ಬೇಸಗೆಯ ಹೊತ್ತಿಗೆ ನನಗೆ ಕೂತರೆ ಏಳಲಾಗದು, ಎದ್ದರೆ ಬಗ್ಗಲಾಗದು. ದೊಡ್ಡ ಮಗ ಬತ್ತಲಗುಂಡಿನಿಂದ ಒಬ್ಬ ದನದ ದಲ್ಲಾಳಿಯನ್ನು ಕರೆತಂದ. “ಅಪ್ಪಾ, ಸಾಕು. ಎಷ್ಟಂತ ಸಾಯ್ತೀಯಾ?” ಅಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹಸು ಲಾರಿ ಹತ್ತಲು ಒಪ್ಪಲಿಲ್ಲ; ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕರು ಈಗ ಕಡಸಾಗಿದೆ. ಕಂಬಂಗೆ ಹೋದಾಗ ಬೇಲಿಯ ಹೊರಗೆ ನಿಂತು ನೋಡುತ್ತೇನೆ. ಮೈ ತುಂಬಿಕೊಂಡಿದೆ. ನನ್ನ ಗುರುತಿಲ್ಲ.

ಈಗ ನನಗಿರುವುದು ಗುತ್ತಿಗೆಗೆ ಕೊಟ್ಟ ಎರಡು ಎಕರೆ ಚಪ್ಪರ, ಒಂದು ಬಾವಿ, ಇಬ್ಬರು ಮಕ್ಕಳು, ಒಬ್ಬಳು ಮೊಮ್ಮಗಳು, ಕಿರಿಯವನು ಬಂದಾಗ ಬೈಕು ನಿಲ್ಲಿಸುವ ಒಂದು ಕೊಟ್ಟಿಗೆ. ಹಸು ಇಲ್ಲ.