ಕಾಕೂ ಕಲಿಸಿದ ಹೊಡೆತಗಳು

ಮೊನ್ನೆ ನನ್ನ ಮೊಮ್ಮಗಳು ಸಾಂಗಲಿಯಿಂದ ಕಾಲೇಜು ಮುಗಿಸಿಕೊಂಡು ಬಂದು ಊಟಕ್ಕೆ ಕುಳಿತಾಗ, ಅವಳ ಎಡಗೈ ಹೆಬ್ಬೆರಳಿನ ಸಂದಿಯಲ್ಲಿ ನೀಲಿ ಪುಡಿ ಕಂಡಿತು. ಶಾಯಿಯಲ್ಲ, ರಂಗೋಲಿಯೂ ಅಲ್ಲ. "ಕೈ ತೊಳಕೊಂಡು ಬಾ" ಅನ್ನಬೇಕಾದ ನನ್ನ ಬಾಯಿ, "ಎಲ್ಲಿ ಆಡಿ ಬಂದಿ?" ಅಂದುಬಿಟ್ಟಿತು.

ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ. ಮಾತಾಡುವಾಗ ಮಾತ್ರ ಅರ್ಧಕ್ಕೆ ಮರಾಠಿ ಬಂದು ಕೈಹಿಡಿಯುತ್ತದೆ. "ಪೂಲ್ ಅಂತ ಅಜ್ಜಿ. ಟೇಬಲ್ ಮ್ಯಾಲ ಕೋಲಿನಿಂದ ಚೆಂಡು ಹೊಡೆಯೂದು. ನಿನಗ ನಾಹೀ ಕಳಣಾರ, ತಿಳಿಯಂಗಿಲ್ಲ ಬಿಡು" ಎಂದು ಹೇಳಿ, ಊಟದ ನಡುವೆಯೇ ಮೊಬೈಲು ತೆರೆದಳು. ಹೊಸಬರು ಕಲಿಯಲೇಬೇಕಾದ ಹೊಡೆತಗಳನ್ನು ಯಾರೋ ಅದರಲ್ಲಿ ತೋರಿಸುತ್ತಿದ್ದರು. ನಾನು ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದೆ. "ಇದು ಮುಟ್ಟಿ ನಿಲ್ಲೂದು. ಮುಂದಿನದು ಬೆನ್ನು ಹತ್ತೂದು. ನಿನಗ ಹೊಳ್ಳಿ ಬರೂದು ಬಂತೇನು?" ಎಂದೆ. ರೊಟ್ಟಿ ಹಿಡಿದ ಅವಳ ಕೈ ಬಾಯಿಯ ಹತ್ತಿರವೇ ನಿಂತಿತು. ಎಂಬತ್ತು ದಾಟಿದ ಮೇಲೆ ಮನೆಯವರನ್ನು ಬೆರಗುಗೊಳಿಸುವ ಅವಕಾಶ ಅಪರೂಪಕ್ಕೆ ಸಿಗುತ್ತದೆ. ನಾನು ಅದನ್ನು ಸಾವಕಾಶವಾಗಿ ಅನುಭವಿಸಿದೆ.

ನಿಮಗೂ ಹೇಳುತ್ತೇನೆ, ಕೇಳಿ.

ನಾನು ಸಲಗರೆಯೆಂಬ ಕನ್ನಡ ಹಳ್ಳಿಯ ಹುಡುಗಿ. ಮದುವೆಯಾಗಿ ಮಿರಜಿಗೆ ಬಂದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ಗಂಡನ ಮನೆಯವರದು ಜವಳಿ ಅಂಗಡಿ, ಗಿರಾಕಿಗಳೆಲ್ಲ ಮರಾಠಿಯವರು. ಯಾರು ಏನು ಕೇಳಿದರೂ ನಾನು ನಗುತ್ತ "ಹೋ, ಹೋ", ಹೌದು ಹೌದು, ಅನ್ನುತ್ತಿದ್ದೆ. ಒಮ್ಮೆ ನೆರೆಮನೆಯಾಕೆ, "ನಿನ್ನ ಅತ್ತೆ ಬಲು ಜೋರಂತೆ, ಹೌದೇ?" ಎಂದು ಕೇಳಿದ್ದಕ್ಕೂ ಹೋ ಅಂದೆ. ಅತ್ತೆ ಅಲ್ಲೇ ನಿಂತಿದ್ದರು. ಮರುದಿನವೇ ಅವರು ತೀರ್ಮಾನ ಮಾಡಿದರು: "ಕಾರಭಾರಿ ಸಾಹೇಬರ ಮನಿಗೆ ದಿನಾ ಮಧ್ಯಾಹ್ನ ಹೋಗಿ ಕುಂದ್ರು. ಅವರ ಬಾಯಾಗಿನ ಮರಾಠಿ ಭಾಳ ಶುದ್ಧ. ನಾಕ ಮಾತು ಕಲೀತಿ."

ಕಾರಭಾರಿ ಸಾಹೇಬರು ಸಂಸ್ಥಾನದ ದೊಡ್ಡ ಅಧಿಕಾರಿಯಾಗಿದ್ದವರು. ಆದರೆ ಆಗಷ್ಟೇ ಸಂಸ್ಥಾನಗಳು ವಿಲೀನವಾಗಿದ್ದವು. ಊರು ಇದ್ದಲ್ಲೇ ಇತ್ತು, ರೈಲು ಹೊತ್ತಿಗೆ ಸರಿಯಾಗಿ ಕೂಗುತ್ತಿತ್ತು, ಅವರ ಹುದ್ದೆಯೊಂದೇ ಇರಲಿಲ್ಲ. ಅದೇ ವರ್ಷ ಲಕ್ವ ಹೊಡೆದು ಬಲಗೈ ಕೂಡ ಬಿದ್ದುಹೋಗಿತ್ತು. ಅವರ ಹೆಂಡತಿಯನ್ನು ಓಣಿಯವರೆಲ್ಲ ಕಾಕೂ ಅನ್ನುತ್ತಿದ್ದರು. ಗಿಡ್ಡ ಹೆಂಗಸು, ಮೆತ್ತಗಿನ ದನಿ, ಒಂಬತ್ತು ಗಜದ ಸೀರೆ.

ಮೊದಲ ದಿನ ಹೆದರುತ್ತಲೇ ಒಳಗೆ ಕಾಲಿಟ್ಟೆ. ನಡುಮನೆಯ ತುಂಬ ಒಂದು ಹಸಿರು ಮೇಜು. ಸಂಸ್ಥಾನದ ಅತಿಥಿಗಳಿಗಾಗಿ ತರಿಸಿದ ಬಿಲಿಯರ್ಡ್ಸ್ ಮೇಜು ಅದು ಎಂದು ಆಮೇಲೆ ತಿಳಿಯಿತು. ಕಾಕೂ ಅದರ ಮೇಲೆ ಬಾಗಿ ಉದ್ದನೆಯ ಕೋಲು ಹಿಡಿದಿದ್ದರು. ಸಾಹೇಬರು ಗಾದಿಯ ಮೇಲೆ ಕುಳಿತು ಹುಕುಂ ಕೊಡುತ್ತಿದ್ದರು: "ಇನ್ನೂ ಕೆಳಗೆ. ಮಣಿಕಟ್ಟು ಸಡಿಲ ಬಿಡು. ಈಗ ಹೊಡೆ." ಆಡಲು ಅವರಿಗೆ ಕೈ ಇರಲಿಲ್ಲ, ಆಟದ ಹುಚ್ಚು ಹೋಗಿರಲಿಲ್ಲ. ಅದಕ್ಕೇ ಹೆಂಡತಿಯ ಕೈಯಿಂದ ಆಡುತ್ತಿದ್ದರು.

ಸಾಹೇಬರು ಕನ್ನಡ ಹಳ್ಳಿಗಳಲ್ಲಿ ಕೆಲಸ ಮಾಡಿದವರು. "ಯಾರ ಮನಿ ಹುಡುಗಿ ನೀ?" ಎಂದು ನಮ್ಮ ಮಾತಿನಲ್ಲೇ ಕೇಳಿದರು. ಮರಾಠಿ ಕಲಿಯಲು ಬಂದಿದ್ದೇನೆ ಅಂದೆ. "ಹಂಗಾದ್ರ ಆ ಕೋಲು ತಗೋ. ಇಕೀಗೆ ಎದುರಿಗೆ ಯಾರೂ ಇಲ್ಲ. ಅಂಕ ಮರಾಠಿಯೊಳಗ ಎಣಿಸು." ಹೀಗೆ ನನ್ನ ಮರಾಠಿ ಪಾಠ ಶುರುವಾಯಿತು.

ಆಟ ನೋಡಿದರೆ ಸರಳ. ಮೂರೇ ಚೆಂಡು: ನನ್ನದೊಂದು ಬಿಳಿ, ಎದುರಿನವರದೊಂದು ಬಿಳಿ, ಇಬ್ಬರಿಗೂ ಸೇರಿದ್ದೊಂದು ಕೆಂಪು. ನನ್ನ ಚೆಂಡಿನಿಂದ ಇನ್ನೊಂದನ್ನು ಮೇಜಿನ ಅಂಚಿನ ಕುಳಿಗೆ ಬೀಳಿಸಬಹುದು, ಇಲ್ಲವೇ ಒಂದೇ ಹೊಡೆತದಲ್ಲಿ ಎರಡನ್ನೂ ಮುಟ್ಟಬಹುದು; ಹೇಗಾದರೂ ಅಂಕ ಸಿಗುತ್ತದೆ. ಕಷ್ಟವೆಲ್ಲ, ಜಾರದಂತೆ ನೀಲಿ ಸೀಮೆಸುಣ್ಣ ತಿಕ್ಕಿದ ಕೋಲಿನ ತುದಿಯಲ್ಲಿರುತ್ತದೆ. ಚೆಂಡಿನ ನಡುವಿಗಿಂತ ಒಂದಿಷ್ಟು ಕೆಳಗೆ ಬಿಗಿಯಾಗಿ ಹೊಡೆದರೆ ಅದು ಎದುರಿನದನ್ನು ಮುಟ್ಟಿ ಅಲ್ಲೇ ನಿಲ್ಲುತ್ತದೆ. ಮೇಲಕ್ಕೆ ಹೊಡೆದರೆ ಅದರ ಬೆನ್ನು ಹತ್ತಿ ಹೋಗುತ್ತದೆ. ಇನ್ನೂ ತಳಕ್ಕೆ ಹೊಡೆದರೆ ಮುಟ್ಟಿ ಹೊಳ್ಳಿ ಹಿಂದಕ್ಕೆ ಬರುತ್ತದೆ. ಪಕ್ಕಕ್ಕೆ ತೆಳ್ಳಗೆ ತಾಗಿಸುವುದು ಒಂದು ಹೊಡೆತ, ರಬ್ಬರಿನ ಅಂಚಿಗೆ ಬಡಿದು ಬರುವಂತೆ ಮಾಡುವುದು ಇನ್ನೊಂದು. ಇವುಗಳ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ನಾನು ನನಗೆ ತಿಳಿದಂತೆ ಹೆಸರಿಟ್ಟೆ: ಅಂಚು ಸವರೂದು, ಗ್ವಾಡಿ ಬಡದು ಬರೂದು. ಕಾಕೂ ನಕ್ಕು ಅವನ್ನೇ ಕಲಿತರು. ಮರಾಠಿ ಕಲಿಯಲು ಹೋದವಳು ಕನ್ನಡ ಕಲಿಸಿ ಬಂದೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ನಾನು ಎಂದೂ ಒಳ್ಳೆಯ ಆಟಗಾರ್ತಿಯಾಗಲಿಲ್ಲ. ನನ್ನ ಚೆಂಡು ಹೊಳ್ಳಿ ಬರುವ ಬದಲು ಮೇಜು ಹಾರಿ ಪಡಸಾಲೆಗೆ ಹೋದದ್ದೂ ಉಂಟು. ಕಾಕೂ ಹಾಗಲ್ಲ. ಒಂದೊಂದು ಹೊಡೆತವನ್ನೂ ವಾರಗಟ್ಟಲೆ ರೂಢಿಸುತ್ತಿದ್ದರು. ಬರಬರುತ್ತ, ಸಾಹೇಬರು ಹುಕುಂ ಕೊಡುವ ಮುಂಚೆ ಕಾಕೂ ಅವರ ಕಣ್ಣು ಮೇಜಿನ ಮೇಲೆ ಬೇರೆಲ್ಲೋ ಹೋಗಿ ಬರುವುದನ್ನು ನಾನು ಗಮನಿಸುತ್ತಿದ್ದೆ. ಆದರೆ ಕೋಲು ಮಾತ್ರ ಸಾಹೇಬರು ಹೇಳಿದ ಕಡೆಗೇ ಹೋಗುತ್ತಿತ್ತು.

ಒಂದು ದಿನ ಸರ್ಕಾರದವರು ಬಂದರು. ಮನೆ ಸಂಸ್ಥಾನದ್ದು, ಮೇಜೂ ಸಂಸ್ಥಾನದ್ದು. ಎರಡೂ ಈಗ ಸರ್ಕಾರದವು. ಮೇಜನ್ನು ಊರಿನ ಕ್ಲಬ್ಬಿಗೆ ಕೊಡುವುದೆಂದು ನಿರ್ಧಾರವಾಯಿತು. ಹೊತ್ತೊಯ್ಯುವಾಗ ಸಾಹೇಬರು ಎದ್ದು ನಿಂತಿದ್ದರು. ಕ್ಲಬ್ಬಿನ ಸೆಕ್ರೆಟರಿ ಒಬ್ಬ ವಕೀಲರು, ಸಭ್ಯ ಮನುಷ್ಯ. ಮೇಜು ಹಾಕಿದ ದಿನ ಮೊದಲ ಆಟಕ್ಕೆ ಸಾಹೇಬರೇ ಬರಬೇಕು, ಹಾರ ಹಾಕುತ್ತೇವೆ ಎಂದು ಕರೆಯಲು ಬಂದರು.

"ಬರತೇನಿ," ಎಂದರು ಸಾಹೇಬರು. "ಆದ್ರ ಆಡೂದು ನನ್ನ ಹೆಂಡತಿ."

ವಕೀಲರು ಕೆಮ್ಮಿದರು. ಹೆಂಗಸರು ಕ್ಲಬ್ಬಿನ ಪಡಸಾಲೆ ದಾಟಿ ಒಳಗೆ ಬರುವ ಪದ್ಧತಿ ಇರಲಿಲ್ಲ.

"ನನ್ನ ಬಲಗೈ ಈಕೀನ. ಕೈ ಬಿಟ್ಟು ನಾ ಹೆಂಗ ಬರಲಿ?"

ವಕೀಲರು ಒಪ್ಪಿಕೊಂಡು ಹೋದರು. ಆದರೆ ಕಾಕೂ ಅಡಿಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡರು. "ಅಷ್ಟು ಮಂದಿ ಮುಂದ ನಾ ತಪ್ಪಿದ್ರ ಹೋಗೂದು ಅವರ ಹೆಸರು. ಅವರಿಗೆ ಉಳಿದದ್ದು ಅದೊಂದೇ. ನೀನೂ ಬಾ. ನಮ್ಮವರು ಅನ್ನೋ ಒಂದು ಮುಖ ಇರಲಿ."

ನಾನು ಹೋದೆ. ಗಂಡಸರಿಂದ ತುಂಬಿದ ಕೋಣೆ, ಬೀಡಿ ಸಿಗರೇಟಿನ ಹೊಗೆ. ಸಾಹೇಬರ ಹಿಂದೆ ನಾವಿಬ್ಬರು ಒಳಗೆ ಬಂದಾಗ ಯಾರೋ ನಕ್ಕರು. ಕಾಕೂ ಮೊದಲ ಹೊಡೆತಕ್ಕೆ ಬಾಗಿದ ಮೇಲೆ ನಗು ನಿಂತಿತು. ಚೆಂಡು ಕೆಂಪನ್ನು ಮುಟ್ಟಿ, ಅಲ್ಲೇ, ಮೊಳೆ ಹೊಡೆದಂತೆ ನಿಂತಿತ್ತು.

ಎದುರಿಗೆ ಆಡಿದವರು ವಕೀಲರು. ಆಟ ಕೊನೆಯವರೆಗೂ ಸರಿಸಮನಾಗಿ ನಡೆಯಿತು. ಸಾಹೇಬರು ಹೇಳುವರು, ಕಾಕೂ ಹೊಡೆಯುವರು. ಕೊನೆಗೆ ಗೆಲ್ಲಲು ಒಂದೇ ಹೊಡೆತ ಬೇಕಾಗಿತ್ತು. ಕೆಂಪು ಚೆಂಡು ಮೂಲೆಯ ಕುಳಿಯ ಹತ್ತಿರವಿತ್ತು. "ಅಂಚು ಸವರು," ಎಂದರು ಸಾಹೇಬರು. ಕೆಂಪನ್ನು ತೆಳ್ಳಗೆ ತಾಗಿಸಿದರೆ ಸಾಕು, ಬಿದ್ದುಬಿಡುತ್ತಿತ್ತು.

ಕಾಕೂ ಬಾಗಲಿಲ್ಲ. ಮೇಜನ್ನು ಒಂದು ಸುತ್ತು ಹಾಕಿದರು. ಆಮೇಲೆ ಗಂಡನನ್ನು ನೋಡಿ, ನನಗೂ ಕೇಳಿಸುವಷ್ಟೇ ಮೆಲ್ಲಗೆ "ನಾಹೀ" ಎಂದರು. ಅವರು ಗಂಡನಿಗೆ ಇಲ್ಲ ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕೆಂಪಿಗೆ ನೇರವಾಗಿ ಬಡಿದು, ಹೊಳ್ಳಿ ಬಂದು, ಹಿಂದಿದ್ದ ಬಿಳಿಯನ್ನು ಮುಟ್ಟುವ ಹೊಡೆತ ಅವರ ಮನಸ್ಸಿನಲ್ಲಿತ್ತು. ಕೋಲು ತಳಕ್ಕಿಳಿಯಿತು, ಹೊಡೆದರು. ಚೆಂಡು ಕೆಂಪಿಗೆ ತಾಗಿ ಸೊಗಸಾಗಿ ಹಿಂದಕ್ಕೆ ಬಂತು. ಬಂದು, ಬಿಳಿಯ ಪಕ್ಕದಿಂದ ಕೂದಲೆಳೆಯಷ್ಟು ಸಂದು ಬಿಟ್ಟು ಹೊರಟುಹೋಯಿತು.

ವಕೀಲರು ಮುಂದಿನ ಸರದಿಯಲ್ಲೇ ಆಟ ಮುಗಿಸಿದರು.

ಟಾಂಗಾದಲ್ಲಿ ಮನೆಗೆ ಬರುವವರೆಗೂ ಕಾಕೂ ತಲೆ ತಗ್ಗಿಸಿ ಕೂತಿದ್ದರು. ಬರಿದಾದ ನಡುಮನೆಯಲ್ಲಿ ಸಾಹೇಬರು ಗಾದಿಯ ಮೇಲೆ ಕುಳಿತು, ಎಲೆಯಡಿಕೆಯ ತಟ್ಟೆ ಎಳೆದುಕೊಂಡರು. ಬೈಯುತ್ತಾರೆ ಎಂದು ನಾನು ಬಾಗಿಲ ಕಡೆ ಸರಿದೆ. ಅವರು ಎಡಗೈಯಿಂದ ಮೂರು ಅಡಿಕೆ ಆರಿಸಿ, ಕ್ಲಬ್ಬಿನಲ್ಲಿ ಚೆಂಡು ಇದ್ದ ಹಾಗೇ ಗಾದಿಯ ಮೇಲೆ ಇಟ್ಟರು. ಇಟ್ಟು, "ಬಾ, ಕೂಡು," ಎಂದು ಹೆಂಡತಿಯನ್ನು ಕರೆದರು. "ನಿನಗ ಏನು ಕಂಡಿತು ಅಲ್ಲಿ? ನನಗ ತೋರಿಸು."

ಕಾಕೂ ಮೊದಲು ಅಳುಕುತ್ತ, ಆಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ಹೇಳತೊಡಗಿದರು. ಕೆಂಪು ಬಿದ್ದರೆ ಗೆಲುವು, ಅಷ್ಟೇ. ಹೊಳ್ಳಿ ಬಂದು ಬಿಳಿಯನ್ನು ಮುಟ್ಟಿದ್ದರೆ ಎಷ್ಟು ಚೆಂದ ಆಗ್ತಿತ್ತು. ಸಾಹೇಬರು ನಡುವೆ ಬಾಯಿ ಹಾಕಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟದ್ದು ಇಬ್ಬರಿಗೂ ತಿಳಿಯಲಿಲ್ಲ.

ಸ್ವಲ್ಪ ದಿನಕ್ಕೆ ಅವರು ಆ ಮನೆ ಬಿಟ್ಟು ಪುಣೆಗೆ, ಮಗನ ಹತ್ತಿರ ಹೋದರು. ಮುಂದೆ ಭಾಷೆಯ ಮೇಲೆ ಪ್ರಾಂತಗಳು ಮತ್ತೆ ಅದಲುಬದಲಾದವು. ಗಡಿ ನಮ್ಮ ಸಲಗರೆಯ ಆಚೆಗೆ ಬಿತ್ತು; ನನ್ನ ಮಾವಶಿಯ, ಅಂದರೆ ಅವ್ವನ ತಂಗಿಯ, ಊರು ಒಂದು ರಾಜ್ಯ, ಅಪ್ಪನ ಹೊಲ ಇನ್ನೊಂದು. ಅಷ್ಟರಲ್ಲಿ ನನ್ನ ಮರಾಠಿ ಎಷ್ಟು ಚೊಕ್ಕವಾಗಿತ್ತೆಂದರೆ, ಗಿರಾಕಿಗಳು ನನ್ನನ್ನು ಪುಣೆಯವಳೆಂದು ತಿಳಿಯುತ್ತಿದ್ದರು. ಅಂಗಡಿ, ಮಕ್ಕಳು, ಬಾಣಂತನ, ಮಿರಜಿನ ದವಾಖಾನೆಗೆ ಬರುವ ಊರ ಕಡೆಯ ಮಂದಿಗೆ ಊಟದ ಡಬ್ಬಿ. ಇದರಲ್ಲಿ ಕೋಲು ಹಿಡಿಯುವ ಮಾತೆಲ್ಲಿ?

ಈ ಕತೆಯನ್ನು ನಾನು ಹಿಂದೆಯೂ ಒಬ್ಬಿಬ್ಬರಿಗೆ ಹೇಳಿದ್ದುಂಟು. ಎಲ್ಲರೂ, "ಅಯ್ಯೋ, ಅವರ ಮಾತು ಕೇಳಿದ್ರ ಗೆಲ್ತಿದ್ರಲ್ಲ" ಎಂದವರೇ. ನಾನೂ ಹಾಗೇ ಅಂದುಕೊಂಡಿದ್ದೆ. ಮೊಮ್ಮಗಳು ಹಾಗೆ ಅನ್ನಲಿಲ್ಲ. "ಮುಂದ ಅವರು ಆಡಿದ್ರೇನು ಅಜ್ಜಿ?" ಎಂದು ಕೇಳಿದಳು.

"ಗೊತ್ತಿಲ್ಲ ಮಗಾ. ಆಮ್ಯಾಲ ಸುದ್ದಿನೇ ಇಲ್ಲ."

"ಮತ್ತ ನೀನು?"

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಭಾನುವಾರ ಸಾಂಗಲಿಗೆ ಹೋದೆವು. ಅವಳು ಪೂಲ್ ಆಡುವ ಜಾಗದ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ದಮ್ಮು ತಗೊಂಡೆ. ಒಳಗೆ ಹಾಡು ಗದ್ದಲ ಎಬ್ಬಿಸಿತ್ತು, ಮೇಜು ನಾನು ಕಂಡದ್ದಕ್ಕಿಂತ ಚಿಕ್ಕದು, ಚೆಂಡುಗಳಿಗೆ ಮೈತುಂಬ ಬಣ್ಣ. ಮೊಮ್ಮಗಳ ಗೆಳೆಯನೊಬ್ಬ ಓಡಿಹೋಗಿ, "ಆಜಿ, ಬಸಾ" ಎಂದು ನನಗೊಂದು ಕುರ್ಚಿ ತಂದು ಹಾಕಿದ. ನಾನು ಅದರ ಮೇಲೆ ನನ್ನ ಕೈಚೀಲ ಇಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಸರದಿ ಯಾವಾಗ ಎಂದು ಕೇಳಿದೆ.