ಮಿಂಚಿಗೇ ಸೋಮಾರಿ ಪಟ್ಟ ಕಟ್ಟಿದ ಹೆಬ್ಬೆರಳು

ಸೂರ್ಯ ಇನ್ನೂ ಮುಖ ತೊಳೆದಿಲ್ಲ. ಅಷ್ಟರಲ್ಲೇ ಬಟನಕ್ಕ ಗೇಮ್ ಪಾರ್ಲರಿನ ಶಟರ್ ಎತ್ತುತ್ತಾರೆ. ಆ ಸದ್ದಿಗೆ ಬೀದಿನಾಯಿಗಳು ಎದ್ದು ಕೂರುತ್ತವೆ, ಅಕ್ಕಪಕ್ಕದ ಮನೆಗಳ ಗಡಿಯಾರಗಳು ನಾಚಿಕೊಂಡು ಸಮಯ ಸರಿಮಾಡಿಕೊಳ್ಳುತ್ತವೆ. ಒಳಗೆ ಸಾಲು ಕುರ್ಚಿ, ಸಾಲು ಟಿ.ವಿ., ಪ್ರತಿ ಟಿ.ವಿ.ಯ ಕೆಳಗೊಂದು ಆಟದ ಪೆಟ್ಟಿಗೆ. ಗೋಡೆಯುದ್ದಕ್ಕೂ ಸೂರಿನವರೆಗೆ ಕಪಾಟು, ಅದರ ತುಂಬ ಡಿಸ್ಕುಗಳು. ಅಲ್ಲಿರುವ ಆಟಗಳನ್ನೆಲ್ಲ ಆಡಿ ಮುಗಿಸಲು ಏಳು ಜನ್ಮ ಸಾಲದು, ಎಂಟನೆಯದಕ್ಕೆ ಅರ್ಜಿ ಹಾಕಬೇಕು.

ಮೂಲೆಯ ಮೇಜಿನ ಮುಂದೆ ಕುಳಿತು ಬಟನಕ್ಕ ಒಂದೊಂದೇ ಕಂಟ್ರೋಲರನ್ನು ಕಿವಿಗೆ ಹಿಡಿಯುತ್ತಾರೆ. ಬಟನ್ ಒತ್ತುತ್ತಾರೆ. ಟಿಕ್. ಇನ್ನೊಂದು. ಟಿಕ್. ಮೂರನೆಯದು ಟಿಕ್ ಎನ್ನುವುದಕ್ಕೆ ಸ್ವಲ್ಪ ಯೋಚನೆ ಮಾಡುತ್ತದೆ. "ಏನಮ್ಮಾ, ನಿನ್ನೆ ಯಾರೋ ಬಿಸ್ಕೆಟ್ ತಿನ್ಕೊಂಡು ಆಡಿದಾರಲ್ಲ ನಿನ್ನ ಜೊತೆ?" ಎಂದು ವಿಚಾರಿಸುತ್ತಲೇ ಅದರ ಬೆನ್ನಿನ ಸ್ಕ್ರೂಗಳನ್ನು ಬಿಚ್ಚುತ್ತಾರೆ. ಒಳಗೆ ಬಟನ್ನಿನ ಕೆಳಗೆ ಬಿಸ್ಕೆಟ್ ಪುಡಿ, ಒಂದು ಇರುವೆ ಸಂಸಾರ ಮಳೆಗಾಲ ಕಳೆಯುವಷ್ಟು.

ತೊಳೆದು, ಒರೆಸಿ, ಜೋಡಿಸಿದ ಮೇಲೆ ಪರೀಕ್ಷೆ. ಹಳೆಯ ಆಟವೊಂದರ ಡಿಸ್ಕ್ ಹಾಕಿ, ಅದರಲ್ಲಿ ಬರುವ ಮುರುಕು ಸೇತುವೆಯನ್ನು ಹಾರಿ ದಾಟಬೇಕು. ಹಲಗೆಯ ಕಟ್ಟಕಡೆಯ ತುದಿಯಲ್ಲಿ ಬಟನ್ ಒತ್ತಿದರೆ ಆಚೆ ದಡ. ಕೂದಲೆಳೆಯಷ್ಟು ಮೊದಲಾದರೂ ತಡವಾದರೂ ಕೆಳಗೆ ಕುದಿಯುವ ಲಾವಾ. ಬಟನಕ್ಕ ಟಿ.ವಿ.ಯ ಕಡೆ ನೋಡುವುದೂ ಇಲ್ಲ. ಒಂದು ಕೈಯಲ್ಲಿ ಚಹಾ ಲೋಟ, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಸೇತುವೆ. ಆ ಹೆಬ್ಬೆರಳಿನ ಮುಂದೆ ಮಿಂಚು ಕೂಡ ಸೋಮಾರಿಯೇ.

ಈ ಪಾರ್ಲರಿಗೆ ಅವರು ಬಂದದ್ದು ಕಸ ಗುಡಿಸುವುದಕ್ಕೆ. ಅದಕ್ಕೂ ಮುಂಚೆ ಟಿ.ವಿ. ರಿಮೋಟ್ ಜೋಡಿಸುವ ಕಾರ್ಖಾನೆಯಲ್ಲಿದ್ದರು. ಒಂದು ಸೋಮವಾರ ಹೋಗಿ ನೋಡಿದರೆ ಗೇಟಿಗೆ ಬೀಗ. ಅಮ್ಮ ತೀರಿಕೊಂಡಿದ್ದರು, ತಮ್ಮ ಇನ್ನೂ ಶಾಲೆಯಲ್ಲಿದ್ದ. ಪಾರ್ಲರಿನ ಮಾಲಕಿ ಕೈಗೆ ಪೊರಕೆ ಕೊಟ್ಟರು. ಮೊದಲ ವಾರವೇ ಕಸದ ಬುಟ್ಟಿಯಲ್ಲಿ ಒಂದು ರಾಶಿ ಕಂಟ್ರೋಲರ್ ಸಿಕ್ಕವು. "ಇವು ಮರೆತಿದ್ದಾ, ಬಿಸಾಕಿದ್ದಾ ಅಂತ ಕೇಳ್ದೆ. ಬಿಸಾಕಿದ್ದು ಅಂದ್ರು. ಹಾಗಾದ್ರೆ ಇನ್ಮೇಲೆ ನನ್ನವು ಅಂದೆ," ಎಂದು ನಗುತ್ತಾರೆ ಬಟನಕ್ಕ. ಹೇರ್‌ಪಿನ್ನಿನಲ್ಲೇ ಬಿಚ್ಚಿ ಎಲ್ಲಕ್ಕೂ ಜೀವ ಬರಿಸಿದರು. ಮರುದಿನ ಪೊರಕೆ ಬೇರೆಯವರ ಕೈಗೆ ಹೋಯಿತು.

ದಿನಕ್ಕೆ ಎಷ್ಟು ರಿಪೇರಿ ಎಂದರೆ, "ಹತ್ತೋ ಹನ್ನೆರಡೋ ಆಗುತ್ತೆ" ಎನ್ನುತ್ತಾರೆ. ನಂಬಬೇಡಿ. ನೂರಕ್ಕೆ ಒಂದೂ ಕಡಿಮೆಯಿಲ್ಲ. ಶಾಲೆಗಳಿಗೆ ರಜೆ ಬಂತೆಂದರೆ ಸಾವಿರ. ಗೀರು ಬಿದ್ದು ಅವರ ಕೈಯಲ್ಲಿ ಹೊಳಪು ಪಡೆದ ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನ ಓಡಾಟಕ್ಕೆ ಅಡ್ಡಿಯಾಗುತ್ತದೆ.

ಇಂಥ ಮೇಜಿಗೆ ಸಂಚಕಾರ ಬಂದದ್ದು ಹೊರಗಿನವರಿಂದಲ್ಲ, ಒಂದೇ ತಟ್ಟೆಯಲ್ಲಿ ಉಂಡ ತಮ್ಮನಿಂದ. ಅಂದು ಈ ಮೇಜಿನ ಕೆಳಗೆ ಕುಳಿತು ಮನೆಪಾಠ ಬರೆಯುತ್ತಿದ್ದವನು ಈಗ ಹೊಸದೊಂದು ಗೇಮ್ ಕಂಪನಿಯ ಮಾರಾಟಗಾರ. ಪೆಟ್ಟಿಗೆ ಬೇಡ, ಡಿಸ್ಕ್ ಬೇಡ; ಆಟ ಎಲ್ಲೋ ದೂರದ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಚಿತ್ರ ಮಾತ್ರ ಇಂಟರ್ನೆಟ್ಟಿನಲ್ಲಿ ಹರಿದು ಬರುತ್ತದೆ ಎಂಬುದು ಅವನ ಮಂತ್ರ. ಕಂಟ್ರೋಲರ್ ಕೂಡ ಕಂಪನಿಯದೇ. ಕೆಟ್ಟರೆ ಎಸೆದು ಹೊಸದು ತರಿಸಿಕೊಳ್ಳುವುದು. ಧೂಳಿಗೂ ಪೆಟ್ಟಿಗೆಗಳ ಕಾವಿಗೂ ಬೇಸತ್ತಿದ್ದ ಮಾಲಕಿಗೆ ಇದು ಹಿಡಿಸಿತು. ಕಪಾಟು ಖಾಲಿಯಾದರೆ ಮೂಲೆಯ ಮೇಜು ಯಾತಕ್ಕೆ? ಅದೂ ಖಾಲಿ.

"ಅಕ್ಕ, ಮುಖ ಯಾಕೆ ಹಾಗೆ ಊದಿಸ್ಕೊಂಡಿದೀಯ? ನಿನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬರ್ತಿದೀನಾ ನಾನು?" ಎಂದನಂತೆ ತಮ್ಮ, ಊಟಕ್ಕೆ ಕುಳಿತಾಗ.

"ಹೊಟ್ಟೆ ಮೇಲೆ ಅಲ್ಲಪ್ಪ, ಮೇಜಿನ ಮೇಲೆ. ಮೊದಲು ಊಟ ಮಾಡು, ಆಮೇಲೆ ಹೊಡಿ."

ಪಾರ್ಲರಿನ ಹಳೇ ಗಿರಾಕಿಗಳಿಗಂತೂ ಈ ಮಂತ್ರ ಗಂಟಲಲ್ಲಿ ಇಳಿಯಲಿಲ್ಲ. ಅವರ ಮುಂದಾಳು ಬಸ್ ಡ್ರೈವರ್ ಮಾವ. ಹಗಲೆಲ್ಲ ಬಸ್ ಓಡಿಸಿ ಸಂಜೆ ಇಲ್ಲಿ ಕುಳಿತು ಕಾರು ಓಡಿಸುವವರು. "ಇಂಥದ್ದೇ ಇನ್ನೊಂದು ಕಂಪನಿ ಹತ್ರ ರೇಸ್ ಆಟ ಕೊಂಡಿದ್ದೆ ಕಣಯ್ಯಾ," ಎಂದು ಅವರು ತಮ್ಮನಿಗೆ ಬೆರಳು ತೋರಿಸಿ ಹೇಳಿದರು. "ಒಂದು ಟ್ರಿಪ್ ಮುಗಿಸಿ ಬರೋದ್ರೊಳಗೆ ಆಟಾನೇ ಮಾಯ. ಅಂಗಡಿ ಮುಚ್ಚಿದೀವಿ, ನಮಸ್ಕಾರ ಅಂತ ಒಂದು ಸಾಲು. ಕೊಂಡ ಚಪ್ಪಲೀನ ಅಂಗಡಿಯವನು ಮನೆಗೆ ಬಂದು ಕಾಲಿಂದ ಕಿತ್ಕೊಂಡು ಹೋಗ್ತಾನೇನಯ್ಯಾ?"

"ನಮ್ಮದು ಹಾಗಲ್ಲ ಮಾವ."

"ಅವನೂ ಇದನ್ನೇ ಹೇಳಿದ್ದ. ಇದೇ ನಗು ನಕ್ಕಿದ್ದ."

ಮಾತು ಬೆಳೆಯಿತು. ಕೊನೆಗೆ ಮಾಲಕಿಯೇ ತೀರ್ಪಿನ ದಾರಿ ಹೇಳಿದರು: ಭಾನುವಾರ ಅಕ್ಕ ತಮ್ಮ ಇಬ್ಬರೂ ಆ ಮುರುಕು ಸೇತುವೆ ದಾಟಲಿ, ಅಕ್ಕ ಪೆಟ್ಟಿಗೆಯಲ್ಲಿ, ತಮ್ಮ ತನ್ನ ಕಂಪನಿ ಇಂಟರ್ನೆಟ್ಟಿನಲ್ಲಿ ಹರಿಸುವ ಅದೇ ಆಟದಲ್ಲಿ. ಎರಡೂ ಒಂದೇ ಎನಿಸಿದರೆ ಸೋಮವಾರವೇ ಕಪಾಟು ಖಾಲಿ.

ಆ ಭಾನುವಾರ ಅರ್ಧ ಊರು ಪಾರ್ಲರಿನೊಳಗಿತ್ತು, ಉಳಿದರ್ಧ ಕಿಟಕಿಗೆ ಜೋತುಬಿದ್ದಿತ್ತು. ಬಟನಕ್ಕ ಒಂದೇ ನೆಗೆತಕ್ಕೆ ಆಚೆ ದಡ ಸೇರಿದರು. ಚಪ್ಪಾಳೆಗೆ ಸೂರಿನ ಫ್ಯಾನು ತಾನಾಗಿ ತಿರುಗಿತು. ತಮ್ಮ ಕುಳಿತ. ಹಲಗೆಯ ತುದಿಗೆ ಬಂದ. ಹಾರಿದ. ಅವನೂ ಆಚೆ ದಡ! ಮಾಲಕಿ ಕಪಾಟಿನ ಕಡೆ ನೋಡತೊಡಗಿದರು, ಮನೆ ಖಾಲಿ ಮಾಡಿಸುವವರ ಕಣ್ಣಲ್ಲಿ.

ಆದರೆ ಬಟನಕ್ಕನ ಕಣ್ಣು ಟಿ.ವಿ. ಮೇಲಿರಲಿಲ್ಲ, ತಮ್ಮನ ಹೆಬ್ಬೆರಳಿನ ಮೇಲಿತ್ತು. "ಏನೋ ಇದು, ತುದಿಗೆ ಬರೋ ಮುಂಚೇನೇ ಒತ್ತಿಬಿಟ್ಟೆ? ನಾನು ನಿಂಗೆ ಹಾಗಾ ಕಲಿಸಿದ್ದು?" ಎಂದರು. "ಏಳು. ನೀನು ನನ್ನ ಕುರ್ಚಿಗೆ ಬಾ."

ಅದಲು ಬದಲಾಯಿತು. ತಮ್ಮ ಅಕ್ಕನ ಪೆಟ್ಟಿಗೆಯ ಮುಂದೆ ಕುಳಿತ. ಹಲಗೆಯ ನಡುವಿನಲ್ಲೇ ಹಾರಿ ನೇರ ಲಾವಾಕ್ಕೆ ಬಿದ್ದ. ಎರಡನೇ ಸಲ ಬಿದ್ದ. ಮೂರನೇ ಸಲ ಬಿದ್ದದ್ದಕ್ಕೆ ಲಾವಾಕ್ಕೇ ಬೇಜಾರಾಯಿತು. "ಪೆಟ್ಟಿಗೆ ಕೆಟ್ಟಿದೆ ಅಕ್ಕ!" ಎಂದು ಕೂಗಿದ.

"ಪೆಟ್ಟಿಗೆ ಸರಿಯಾಗಿದೆ. ನಿನ್ನ ಕೈ ಕೆಟ್ಟಿದೆ. ಒತ್ತಿದ್ದು ತಡವಾಗಿ ತಲುಪೋ ಆಟ ಆಡಿ ಆಡಿ, ಮುಂಚೆ ಒತ್ತೋದು ಚಾಳಿ ಆಗಿದೆ ನಿಂಗೆ."

ಬಸ್ ಡ್ರೈವರ್ ಮಾವ ಸಿಳ್ಳೆ ಹೊಡೆದರು. ಮೂರು ಬೀದಿ ಆಚೆ ವಾಹನಗಳು ಬ್ರೇಕ್ ಹಾಕಿದವು.

ಈಗ ಬಟನಕ್ಕನ ಸರದಿ. ಕಂಪನಿಯ ಆಟದಲ್ಲಿ ಮೊದಲ ನೆಗೆತಕ್ಕೆ ಅವರೂ ಬಿದ್ದರು. ತಲೆ ವಾಲಿಸಿ ಒಂದೆರಡು ಸಲ ಬಟನ್ ಒತ್ತಿ ನೋಡಿದರು. ಇಷ್ಟು ವರ್ಷ ಜಿಗುಟು ಬಟನ್ನುಗಳ ಜೊತೆ ಸಂಸಾರ ಮಾಡಿದವರಿಗೆ ಇದೇನು ಮಹಾ? ಎರಡನೇ ನೆಗೆತಕ್ಕೆ ದಾಟಿದರು. ತಮ್ಮನ ಮುಖ ಅರಳಿತು. "ನೋಡಿದ್ರಾ ಮೇಡಂ? ಅಕ್ಕಾನೇ ದಾಟಿದಳು ನಮ್ಮದರಲ್ಲಿ!"

"ದಾಟಿದೆ ಕಣೋ. ಆದರೆ ಬಟನ್ ತಡ ಮಾಡ್ತಿದೆ. ಒಂದು ನಿಮಿಷ, ತೆಗೆದು ನೋಡ್ತೀನಿ," ಎಂದು ಬಟನಕ್ಕ ಅಭ್ಯಾಸಬಲದಿಂದ ಕಂಟ್ರೋಲರನ್ನು ಬೋರಲು ಹಾಕಿದರು. ಬೆನ್ನು ನುಣ್ಣಗಿತ್ತು. ಅಂಟು ಹಾಕಿ ಮುಚ್ಚಿದ್ದರು. "ಇದರ ಸ್ಕ್ರೂ ಎಲ್ಲೋ?"

"ಸ್ಕ್ರೂ ಇಲ್ಲ ಅಕ್ಕ. ತಡ ಆಗ್ತಿರೋದು ಅದರೊಳಗೂ ಅಲ್ಲ. ದೂರದಲ್ಲಿ."

"ಎಷ್ಟು ದೂರ?"

"ನಂಗೂ ಗೊತ್ತಿಲ್ಲ."

"ಅಲ್ಲಿ ಕೆಟ್ಟರೆ ಯಾರು ನೋಡ್ತಾರೆ?"

ತಮ್ಮ ತಲೆ ಕೆರೆದುಕೊಂಡ. ಸುಳ್ಳು ಹೇಳುವುದನ್ನು ಅಕ್ಕ ಅವನಿಗೆ ಕಲಿಸಿರಲಿಲ್ಲ. "ಅದೂ ಗೊತ್ತಿಲ್ಲ ಕಣಕ್ಕ."

ಮಾಲಕಿ ಎದ್ದು ನಿಂತರು. "ನನ್ನ ಅಂಗಡೀಲಿ ಏನಾದ್ರೂ ಕೆಟ್ಟರೆ ಕರೆಯೋಕೆ ಒಬ್ಬರು ಮೂಲೆಯಲ್ಲಿ ಕೂತಿದಾರೆ. ಆ ಮೂಲೇನ ನಾನು ಯಾಕಪ್ಪಾ ಖಾಲಿ ಮಾಡಲಿ? ಕಪಾಟು ಅಲ್ಲೇ ಇರುತ್ತೆ!" ಆಮೇಲೆ ಎದ್ದ ಗದ್ದಲಕ್ಕೆ ಆಕಾಶದಲ್ಲಿ ಹೋಗುತ್ತಿದ್ದ ವಿಮಾನ ದಾರಿ ಬದಲಿಸಿತು. ಡ್ರೈವರ್ ಮಾವ ಬಟನಕ್ಕನನ್ನು ಕುರ್ಚಿಸಮೇತ ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು.

ತಮ್ಮ ಸೋತದ್ದು ಪಂದ್ಯ ಮಾತ್ರ. ಬಾಗಿಲ ಬಳಿಯ ಒಂದು ಟಿ.ವಿ.ಯನ್ನು ಬಟನಕ್ಕನೇ ಹೇಳಿ ಅವನಿಗೆ ಕೊಡಿಸಿದ್ದಾರೆ. ಹೊಸ ಆಟ ಹೇಗಿದೆ ಎಂದು ಗಿರಾಕಿಗಳು ಅಲ್ಲಿ ಸ್ವಲ್ಪ ಆಡಿ ನೋಡುತ್ತಾರೆ. ಹಿಡಿಸಿದರೆ ಡಿಸ್ಕ್ ತೆಗೆದುಕೊಂಡು ಒಳಗೆ ಬರುತ್ತಾರೆ. ತಮ್ಮ ಕೂಡ ಬೆಳಿಗ್ಗೆ ಬೇಗ ಬಂದು ಅಕ್ಕನ ಪಕ್ಕ ಕೂರುತ್ತಾನೆ, ಕೆಟ್ಟ ಕೈ ರಿಪೇರಿಗೆ. ಇವತ್ತು ಲಾವಾಕ್ಕೆ ಬಿದ್ದದ್ದು ಒಂದೇ ಸಲ. "ಪರವಾಗಿಲ್ಲ, ಕೈ ದಾರಿಗೆ ಬರ್ತಿದೆ," ಎನ್ನುತ್ತಾರೆ ಬಟನಕ್ಕ, ಇನ್ನೊಂದು ಕಂಟ್ರೋಲರನ್ನು ಕಿವಿಗೆ ಹಿಡಿಯುತ್ತ.

ಹೊಸ ಕಂಪನಿಗಳ ಮೇಲೆ ಸಿಟ್ಟಿದೆಯೇ ಎಂದರೆ ಅವರು ಇಲ್ಲವೆಂದು ತಲೆಯಾಡಿಸುತ್ತಾರೆ. "ಸಿಟ್ಟು ಯಾಕೆ? ಎಂಥ ಹೊಸದು ಬೇಕಾದ್ರೂ ಬರಲಿ, ಗಾಳೀಲೇ ಬರಲಿ. ಬೆನ್ನ ಮೇಲೊಂದು ಸ್ಕ್ರೂ ಇಟ್ಕೊಂಡು ಬರಲಿ, ಸಾಕು. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ."