ರೆಂಪಿಗ್ ಬೆಳೆಸಿದ ಕಡಲಪಾಚಿ

ರೆಂಪಿಗ್ ಮೂವತ್ತು ವರ್ಷ ಲೆಂಬೊಂಗಾನ್ ದ್ವೀಪದ ಕಡಲಲ್ಲಿ ಸಾಲುಸಾಲಾಗಿ ಹಗ್ಗ ಕಟ್ಟಿ ಪಾಚಿ ಬೆಳೆದು, ಕಡಲು ಇಳಿದ ಹೊತ್ತಿನಲ್ಲಿ ಕೊಯ್ದವಳು. ಮೊಣಕಾಲು ಸೋತ ಮೇಲೆ ದೆನ್‌ಪಸಾರ್ ನಗರದಲ್ಲಿದ್ದ ಮಗಳ ಮನೆಗೆ ಬಂದಳು. ಅಲ್ಲಿ ಅಳಿಯ ಸುದರ್ತ ಗಾಜಿನ ತೊಟ್ಟಿಯಲ್ಲಿ ಮೀನು, ಹವಳ ಸಾಕಿದ್ದ. ಹಸಿರು ಕೂದಲಿನಂಥ ಪಾಚಿ ಹವಳವನ್ನೆಲ್ಲ ಮುಚ್ಚುತ್ತಿತ್ತು. ಎಷ್ಟು ಉಜ್ಜಿದರೂ ವಾರದೊಳಗೆ ಮತ್ತೆ ಹಾಜರು. ನೀರು ಪರೀಕ್ಷಿಸಿದಾಗಲೆಲ್ಲ ನೈಟ್ರೇಟ್ ಹೆಚ್ಚೇ ಇರುತ್ತಿತ್ತು.

“ಮೀನಿಗೆ ದಿನಕ್ಕೆ ಎಷ್ಟು ಸಲ ಹಾಕ್ತೀಯಪ್ಪ?” ರೆಂಪಿಗ್ ಕೇಳಿದಳು.

“ನಾಲ್ಕು ಸಲ, ಅತ್ತೆ. ಪಾಪ, ಬಾಯಿ ಬಿಡ್ತಾವೆ.”

“ಮೀನು ಬಾಯಿ ಬಿಡದೆ ಇನ್ನೇನು ಮಾಡುತ್ತೆ? ಮಿಕ್ಕಿದ್ದು ಕೊಳೆತು ಪಾಚಿಗೆ ಗೊಬ್ಬರ ಆಗ್ತಿದೆ. ಒಂದೇ ಸಲ ಹಾಕು. ಆ ಗೊಬ್ಬರ ತಿನ್ನೋಕೆ ನಾನು ಬೇರೆ ಪಾಚಿ ಬೆಳೀತೀನಿ.”

ತೊಟ್ಟಿಯ ಕೆಳಗೆ ನೀರು ಸೋಸುವ ಪೆಟ್ಟಿಗೆಯಿತ್ತು. ಅದರ ಮೇಲೆ ದೀಪವಿಟ್ಟು, ಒಂದು ಹಿಡಿ ಕಡಲಪಾಚಿ ಬಿಟ್ಟಳು. ಬೆಳೆದದ್ದನ್ನು ವಾರವಾರ ಕೊಯ್ದು ತೆಗೆದಳು. ಮೂರು ತಿಂಗಳಲ್ಲಿ ನೈಟ್ರೇಟ್ ಇಳಿಯಿತು, ಹವಳದ ಮೇಲಿನ ಹಸಿರು ಉದುರಿತು, ನೇರಳೆ ಬಣ್ಣ ಅರಳಿತು.

ಒಂದು ಮಧ್ಯಾಹ್ನ ಸುದರ್ತ ಬಂದಾಗ ಅವಳು ಪೆಟ್ಟಿಗೆಯ ಮುಂದೆ ನೆಲದಲ್ಲಿ ಕೂತು, ಮೊಣಕೈವರೆಗೂ ಉಪ್ಪುನೀರಲ್ಲಿ ಕೈ ಇಳಿಬಿಟ್ಟು, ಕಣ್ಣು ಮುಚ್ಚಿದ್ದಳು. ಬೆರಳುಗಳ ನಡುವೆ ಪಾಚಿ ಮೆಲ್ಲಗೆ ಓಲಾಡುತ್ತಿತ್ತು.

“ಅತ್ತೆ, ಊಟಕ್ಕೆ ಏಳಿ.”

“ತಾಳಪ್ಪ,” ಎಂದಳು ಕಣ್ಣು ತೆರೆಯದೆ. “ಕಡಲು ಇಳೀತಾ ಇದೆ. ಇನ್ನೊಂದು ಸಾಲು ಕೊಯ್ದು ಬರ್ತೀನಿ.”

ಸುದರ್ತ ಅವಳ ಪಕ್ಕದಲ್ಲಿ ಕೂತ.